ಪರಶುರಾಮನ ಆನ್‌ಲೈನ್ ಡಿಕ್ರಿ

ಗೋಪಾಳ ಬಡಾವಣೆಯ ನಮ್ಮ ಅಡ್ಡರಸ್ತೆಯಲ್ಲಿ ಹೆಸರಿನ ಮುಂದೆ ಏನೂ ಇಲ್ಲದ ಯಜಮಾನನೆಂದರೆ ಪರಶುರಾಮ ಒಬ್ಬನೇ. ಅವನ ಎಡಗಡೆಯ ಗೇಟಿನ ಮೇಲೆ ‘ಚಂದ್ರಹಾಸ, ಬಿ.ಇ.’ ಎಂದಿತ್ತು. ಎದುರುಗಡೆ ‘ಡಾ. ಅಭಯ, ಬಿ.ಡಿ.ಎಸ್.’ ಆ ಡಾಕ್ಟರ ಮನೆಯ ನಾಯಿಗೂ ತರಬೇತಿ ಕೇಂದ್ರದವರು ಒಂದು ಸರ್ಟಿಫಿಕೇಟು ಕೊಟ್ಟಿದ್ದರು. ಅದು ಫ್ರೇಮು ಹಾಕಿಸಿಕೊಂಡು ವರಾಂಡದಲ್ಲಿ ತೂಗುತ್ತಿತ್ತು. ಪರಶುರಾಮನ ಓದು ಮಾತ್ರ ಪಿಯುಸಿಗೆ ನಿಂತಿತ್ತು. ಮಾಚೇನಹಳ್ಳಿಯ ಒಂದು ಎರಕದ ಕಾರ್ಖಾನೆಯಲ್ಲಿ ಅವನು ಇಪ್ಪತ್ತು ವರ್ಷಗಳಿಂದ ಡಿಸ್ಪ್ಯಾಚ್ ಸೆಕ್ಷನ್ನು ನೋಡಿಕೊಳ್ಳುತ್ತಿದ್ದ. ತಯಾರಾದ ಮಾಲನ್ನು ಲಾರಿಗೆ ಹತ್ತಿಸಿ ಕಳಿಸುವುದು ಕೆಲಸ. ಮನೆ ಕಟ್ಟಿಸಿದ್ದ, ಮಗಳನ್ನು ಹಾಸ್ಟೆಲ್ಲಿನಲ್ಲಿಟ್ಟು ಓದಿಸುತ್ತಿದ್ದ. ಕಡಿಮೆಯಾಗಿದ್ದದ್ದು ಗೇಟಿನ ಮೇಲಿನ ಆ ಎರಡು ಮೂರು ಅಕ್ಷರ ಮಾತ್ರ.

ಮನೆಗೆ ಸುಣ್ಣಬಣ್ಣ ಮಾಡಿಸಿದಾಗ ಅವನು ಕರಿಕಲ್ಲಿನಲ್ಲಿ ಹೆಸರು ಕೆತ್ತಿಸಲು ಹೋದ. ಕೆತ್ತುವವನು ‘ಪರಶುರಾಮ’ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ, “ಮುಂದೆ ಏನ್ ಸಾರ್?” ಎಂದು ಕೇಳಿದ.

ಆ ಪ್ರಶ್ನೆಗೆ ಪರಶುರಾಮ ತಯಾರಾಗಿರಲಿಲ್ಲ. ಪಕ್ಕದಲ್ಲಿ ಇನ್ನಿಬ್ಬರು ಗಿರಾಕಿಗಳು ನಿಂತಿದ್ದರು. ‘ಏನೂ ಇಲ್ಲ’ ಎನ್ನಲು ಅವನ ನಾಲಿಗೆ ಏಳಲಿಲ್ಲ.

“ಒಂದು ಕಾಮಾ ಹಾಕಪ್ಪ. ಮುಂದೆ ಜಾಗ ಬಿಟ್ಟಿರು. ಆಮೇಲೆ ತಿಳಿಸ್ತೀನಿ.”

“ಕಾಮಾನೂ ಒಂದಕ್ಷರದ ಲೆಕ್ಕಾನೇ ಸಾರ್,” ಎಂದು ಕೆತ್ತುವವನು ಎಚ್ಚರಿಸಿ ಉಳಿ ಕೈಗೆತ್ತಿಕೊಂಡ.

ಹೀಗೆ ನಮ್ಮ ರಸ್ತೆಗೆ ‘ಪರಶುರಾಮ,’ ಎಂಬ ಕಲ್ಲು ಬಂತು. ಅವನ ಹೆಂಡತಿ ವೀಣಾ ರಕ್ತ ಪರೀಕ್ಷೆ ಮಾಡುವ ಒಂದು ಲ್ಯಾಬಿನಲ್ಲಿ ಲೆಕ್ಕ ಬರೆಯುತ್ತಿದ್ದಳು, ಬಿ.ಎ. ಓದಿದವಳು. ಸಂಜೆ ಬಂದವಳು ಗೇಟಿನ ಮುಂದೆ ನಿಂತು, “ರೀ, ಇದೇನು ಹೆಸರು ಅರ್ಧಕ್ಕೇ ನಿಂತಿದೆ?” ಎಂದಳು. “ಡಿಸೈನು ಅದು,” ಎಂದ ಪರಶುರಾಮ.

ಡಿಸೈನು ಪೂರ್ತಿಯಾಗಲೇಬೇಕಿತ್ತು. ಮರುದಿನ ಹಾಲು ಕಾಯಿಸಲು ಇಟ್ಟು ವೀಣಾ ಸ್ನಾನಕ್ಕೆ ಹೋದಾಗ, ಒಲೆಯ ಮುಂದೆ ಕಾವಲು ನಿಂತ ಪರಶುರಾಮ ಮೊಬೈಲ್ ತೆರೆದ. ‘ಆನ್‌ಲೈನ್ ಪದವಿ ನಿಮಗೆ ಸರಿಹೊಂದುತ್ತದೆಯೇ? ಪರೀಕ್ಷಿಸಿಕೊಳ್ಳಿ’ ಎಂಬುದೊಂದು ಬಂತು. ನೀವು ಯಾರೂ ಹೇಳದೆಯೇ ಕೆಲಸ ಮಾಡುವವರೇ? ಹೌದು ಎಂದು ಒತ್ತಿದ. ಸಮಯವನ್ನು ಸರಿಯಾಗಿ ಹಂಚಿಕೊಳ್ಳಬಲ್ಲಿರಾ? ಹೌದು. ಒಂದೇ ಕಡೆ ಗಮನವಿಟ್ಟು ಕೂರಬಲ್ಲಿರಾ? ಹೌದು ಎಂದು ಒತ್ತುವಷ್ಟರಲ್ಲಿ ಹಾಲು ಉಕ್ಕಿ, ಒಲೆ ಆರಿಸಿ, ಕಟ್ಟೆಯಿಂದ ಕೆಳಗಿಳಿದು ಅವನ ಪಾದಕ್ಕೆ ಬಂದಿತ್ತು. ‘ಅಭಿನಂದನೆಗಳು! ಆನ್‌ಲೈನ್ ಪದವಿ ಹೇಳಿ ಮಾಡಿಸಿದ್ದೇ ನಿಮಗಾಗಿ’ ಎಂದಿತು ಮೊಬೈಲು. ಎಲ್ಲಕ್ಕೂ ‘ಇಲ್ಲ’ ಎಂದು ಒತ್ತಿದರೂ ಅದು ಅದನ್ನೇ ಹೇಳುತ್ತದೆಂದು ಆಮೇಲೆ ಗೊತ್ತಾಯಿತು.

ಅವನು ಹಾಲು ಒರೆಸಿ ಮುಗಿಸುವ ಮೊದಲೇ ಫೋನು ಬಂತು. ಹೆಸರು ಸುಶ್ಮಿತಾ. ಅಡ್ಮಿಷನ್ ಕೌನ್ಸೆಲರ್. ದನಿ ಜೇನು.

ಪರಶುರಾಮ ಈ ವಿಷಯವನ್ನು ಮನೆಯಲ್ಲಿ ಯಾರಿಗೂ ಹೇಳದಿರಲು ನಿರ್ಧರಿಸಿದ. ಅದಕ್ಕೆ ಕಾರಣವಿತ್ತು. ಹಿಂದೆ ಅವನು ಹಾರ್ಮೋನಿಯಂ ಕಲಿಯಲು ಹೊರಟಿದ್ದ, ಹಿಂದಿ ಪರೀಕ್ಷೆ ಕಟ್ಟಲು ಹೊರಟಿದ್ದ, ಬೆಳಿಗ್ಗೆ ಓಡಲೂ ಹೊರಟಿದ್ದ. ಪ್ರತಿಯೊಂದೂ ಊರಿಗೆಲ್ಲ ಸಾರಿ ಶುರುವಾಗಿ, ಭದ್ರಾವತಿಯಲ್ಲಿ ಅತ್ತೆಯ ನಗುವಿನಲ್ಲಿ ಮುಗಿದಿತ್ತು. ಈ ಸಲ ಸರ್ಟಿಫಿಕೇಟು ಕೈಗೆ ಬಂದ ಮೇಲೆಯೇ ಬಾಯಿ ಬಿಡುವುದು ಎಂದುಕೊಂಡ. ಹಾಗಾಗಿ ಸುಶ್ಮಿತಾಳ ಫೋನು ಬಂದಾಗಲೆಲ್ಲ ಅವನು ತಾರಸಿ ಹತ್ತುತ್ತಿದ್ದ.

ಬಲಗಡೆ ಮನೆಯ ತಾರಸಿಯಲ್ಲಿ ಜಗದಾಂಬಾ ಸಂಡಿಗೆ ಒಣಹಾಕುತ್ತಿದ್ದರು. ಜಗದಾಂಬಾ ಅವರ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರ ಗಂಡನ ಮನೆಯಲ್ಲಿ ಪಾಲಿನ ವ್ಯಾಜ್ಯವೊಂದು ಎಷ್ಟೋ ವರ್ಷ ನಡೆದಿತ್ತು. ಆ ಮನೆಯ ಮಕ್ಕಳು ಅ ಆ ಇ ಈ ಕಲಿಯುವ ಮೊದಲು ವಾಯಿದೆ, ತಡೆಯಾಜ್ಞೆ, ಡಿಕ್ರಿ ಎಂಬ ಮಾತುಗಳನ್ನು ಕಲಿತಿದ್ದವು. ಹೀಗಾಗಿ ಯಾರಾದರೂ ಡಿಗ್ರಿ ಎಂದರೆ, ಜಗದಾಂಬಾ ಅವರ ಕಿವಿಗೆ ಅದು ಕೋರ್ಟು ಕೊಡುವ ಡಿಕ್ರಿಯಾಗಿಯೇ ಬೀಳುತ್ತಿತ್ತು. ಆವತ್ತು ಅವರ ಕಿವಿಗೆ ಬಿದ್ದದ್ದು ಇಷ್ಟು:

“ಹೌದು ಸುಶ್ಮಿತಾ ಮೇಡಂ, ಡಿಗ್ರಿ ಬೇಕೇ ಬೇಕು. ಇಷ್ಟು ವರ್ಷ ಹೆಂಗೋ ತಡ್ಕೊಂಡೆ… ಇಲ್ಲ ಇಲ್ಲ, ಹೆಂಡ್ತಿಗೆ ಗೊತ್ತಿಲ್ಲ. ಕೈಗೆ ಸಿಕ್ಕಿದ್ಮೇಲೆ ಒಂದೇ ಸಲ ಅವಳ ಮುಂದಿಡ್ತೀನಿ… ಎಲ್ಲಾ ಆನ್‌ಲೈನಲ್ಲೇ ಆಗೋಗುತ್ತಾ? ಅಲ್ಲಿಗೆ ಬಂದು ನಿಲ್ಲೋ ಹಾಗೇ ಇಲ್ವಾ?… ಮೂರು ವರ್ಷ ಯಾಕೆ ಮೇಡಂ, ಬೇಗ ಆಗೋ ದಾರಿ ಇಲ್ವಾ?… ಆಯ್ತು, ನಿಮ್ಮನ್ನೇ ನಂಬಿದೀನಿ.”

ಜಗದಾಂಬಾ ಅವರ ಕೈಯಲ್ಲಿದ್ದ ಸಂಡಿಗೆ ಹಿಟ್ಟು ಕೈಯಲ್ಲೇ ಒಣಗಿತು. ವೀಣಾಳ ಮುಂದೆ ಈ ಮಾತು ಎತ್ತುವಷ್ಟು ಕಲ್ಲುಮನಸ್ಸು ಅವರದಲ್ಲ. ಅವರು ಭದ್ರಾವತಿಗೆ ಫೋನು ಮಾಡಿದರು. ವೀಣಾಳ ತಾಯಿ ಚಿನ್ನಮ್ಮನವರೂ ಜಗದಾಂಬಾ ಅವರ ತವರಿನವರೂ ಅಲ್ಲಿನ ಹಳೇನಗರದ ಒಂದೇ ಓಣಿಯವರು.

“ಚಿನ್ನಮ್ಮಕ್ಕ, ನಿಂತಿದೀರಾ, ಕೂತಿದೀರಾ?”

“ನಿಂತಿದೀನಿ. ಯಾಕೆ?”

“ಕೂತ್ಕೊಳ್ಳಿ. ನಿಮ್ಮ ಅಳಿಯ ವೀಣಾನ ಬಿಡೋಕೆ ಡಿಕ್ರಿ ತಗೋತಿದಾನೆ. ಆನ್‌ಲೈನಲ್ಲಿ! ಅವಳ್ಯಾರೋ ಸುಶ್ಮಿತಾ ಅಂತೆ. ದಿನಾ ಫೋನು.”

“ಅಯ್ಯೋ ನಮ್ಮಪ್ಪ! ಅಂಥವನಲ್ಲ ಕಣೇ ಅವನು. ಒಂದು ಬಲ್ಬು ಬದಲಾಯ್ಸೋಕೂ ವೀಣಾನ ಕೇಳೋನು.”

“ನಾನೂ ಹಂಗೇ ಅಂದ್ಕೊಂಡಿದ್ದೆ. ಆದ್ರೆ ಗೇಟಿನ ಕಲ್ಲು ನೋಡಿದೀರಾ? ಹೆಂಡ್ತಿ ಹೆಸರಿಲ್ಲ. ತನ್ನ ಹೆಸರು ಮಾತ್ರ ಹಾಕ್ಸಿ, ಮುಂದೆ ಕಾಮಾ ಇಟ್ಟಿದಾನೆ.”

“ಕಾಮಾನಾ!” ಎಂದು ಚಿನ್ನಮ್ಮ ಚೀರಿದರು. “ಈ ವಯಸ್ಸಲ್ಲಿ!”

“ಕಾಮಾ ಆದ್ಮೇಲೆ ಜಾಗಾನೂ ಬಿಟ್ಟಿದಾನೆ ಚಿನ್ನಮ್ಮಕ್ಕ. ಯಾರ ಹೆಸರಿಗೋ ಏನೋ.”

ಆ ರಾತ್ರಿ ಚಿನ್ನಮ್ಮನವರ ಮನೆಯಲ್ಲಿ ಯಾರೂ ಉಣ್ಣಲಿಲ್ಲ. ಚಿನ್ನಮ್ಮನವರ ಗಂಡ ಕೃಷ್ಣಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿ ಕ್ರೇನ್ ನಡೆಸಿ ನಿವೃತ್ತರಾದವರು. ಮೇಲಿನಿಂದ ಕೆಳಗಿದ್ದವರಿಗೆ ಕೂಗಿ ಕೂಗಿ, ಗುಟ್ಟು ಹೇಳಿದರೂ ಓಣಿಗೆಲ್ಲ ಕೇಳುವಂಥ ಗಂಟಲು ಅವರದು. “ಮೊದಲು ಅವನು ಕೆಲಸ ಮಾಡೋ ಕಡೆ ವಿಚಾರಿಸು,” ಎಂದು ಮಗ ಪ್ರಕಾಶನಿಗೆ ಅವರು ಗುಟ್ಟಾಗಿ ಹೇಳಿದ್ದರಿಂದ, ಬೆಳಗಾಗುವಷ್ಟರಲ್ಲಿ ಹಳೇನಗರಕ್ಕೆಲ್ಲ ವಿಷಯ ತಿಳಿದಿತ್ತು.

ಶನಿವಾರ ಪ್ರಕಾಶ ಮಾಚೇನಹಳ್ಳಿಗೆ ಹೋಗಿ, ಭಾವನ ಕಣ್ಣಿಗೆ ಬೀಳದಂತೆ ಮ್ಯಾನೇಜರ್ ಹರಿಪ್ರಸಾದರನ್ನು ಕಂಡು, ಅಕ್ಕನ ಸಂಸಾರ ಉಳಿಸಬೇಕೆಂದು ಕೈಮುಗಿದ. ಹರಿಪ್ರಸಾದರಿಗೆ ಕಾರ್ಖಾನೆಯ ತೊಂದರೆಗಳಿಗಿಂತ ಕೆಲಸಗಾರರ ಮನೆಯ ತೊಂದರೆಗಳನ್ನು ಬಗೆಹರಿಸುವುದು ಇಷ್ಟ. ಪ್ರಕಾಶ ಹೋದ ಕೂಡಲೇ ಪರಶುರಾಮನನ್ನು ಕರೆಸಿ, ಬಾಗಿಲು ಹಾಕಿಸಿದರು.

“ಏನ್ರಿ, ಡಿಕ್ರಿ ತಗೋತಿದೀರಂತೆ?”

ಮ್ಯಾನೇಜರ ಬಾಯಲ್ಲಿ ಗ ಎಂಬುದು ಕ ಆಗಿದೆ, ಅಷ್ಟೇ ಎಂದುಕೊಂಡ ಪರಶುರಾಮ ನಾಚಿ ನೆಲ ನೋಡಿದ. “ನಿಮಗ್ಯಾರು ಹೇಳಿದ್ರು ಸರ್?”

“ಇಂಥದ್ದನ್ನ ಮುಚ್ಚಿಡೋಕಾಗುತ್ತಾ? ಅಲ್ರಿ, ಈ ವಯಸ್ಸಲ್ಲಿ ಬೇಕಾ?”

“ವಯಸ್ಸಿನ ಮಿತಿ ಇಲ್ವಂತೆ ಸರ್.”

ಹರಿಪ್ರಸಾದ್ ನಿಟ್ಟುಸಿರು ಬಿಟ್ಟರು. “ಡಿಕ್ರಿ ಆದ ತಕ್ಷಣ ಮೇಂಟೆನೆನ್ಸ್ ತಲೆ ಮೇಲೆ ಬರುತ್ತೆ. ಗೊತ್ತಿದೆಯಾ?”

ಹೆಂಡತಿಗೆ ತಿಂಗಳು ತಿಂಗಳು ಕೊಡಬೇಕಾದ ಜೀವನಾಂಶದ ಬಗ್ಗೆ ಅವರು ಹೇಳಿದ್ದು. ಆದರೆ ಆ ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಎಂಬ ಸೆಕ್ಷನ್ನೂ ಒಂದಿತ್ತು. ಅದರ ಮುಖ್ಯಸ್ಥನ ಕುರ್ಚಿ ಯುಗಾದಿಯಿಂದ ಖಾಲಿ ಬಿದ್ದಿತ್ತು. ಅದಕ್ಕೆ ಬೇರೆ ಕೋಣೆ, ಬೇರೆ ಫ್ಯಾನು. ಪರಶುರಾಮನ ಕಣ್ಣು ತೇವವಾಯಿತು.

“ಮೇಂಟೆನೆನ್ಸಾ? ನನಗಾ ಸರ್?”

“ನಿಮಗಲ್ದೆ ಇನ್ಯಾರಿಗೆ? ತಪ್ಪಿಸ್ಕೊಳ್ಳೋ ಹಾಗಿಲ್ಲ.”

“ತಪ್ಪಿಸ್ಕೊಳ್ಳೋ ಮಾತೇ ಇಲ್ಲ ಸರ್! ಜೀವ ಇರೋ ತನಕ ಮಾಡ್ತೀನಿ.”

“ಮೊದಮೊದಲು ತಾತ್ಕಾಲಿಕ ಅಂತಿರುತ್ತೆ. ಆಮೇಲೆ ಪರ್ಮನೆಂಟ್ ಮಾಡ್ತಾರೆ.”

“ಮೊದಲೇ ಪರ್ಮನೆಂಟ್ ಮಾಡಿಬಿಟ್ರೆ ನಂಗೆ ಇನ್ನೂ ಸಂತೋಷ ಸರ್,” ಎಂದ ಪರಶುರಾಮ, ಮೇಜನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ.

ಇಂಥ ಗಟ್ಟಿ ಮನುಷ್ಯನನ್ನು ಹರಿಪ್ರಸಾದ್ ತಮ್ಮ ಸರ್ವೀಸಿನಲ್ಲೇ ಕಂಡಿರಲಿಲ್ಲ. ಸಂಜೆ ಪರಶುರಾಮ ಮನೆಗೆ ಮೈಸೂರುಪಾಕಿನ ಪೊಟ್ಟಣ ತಂದ. ಅದನ್ನು ಕಿಟಕಿಯಿಂದ ಕಂಡ ಜಗದಾಂಬಾ ಮತ್ತೆ ಭದ್ರಾವತಿಗೆ ಫೋನು ಮಾಡಿದರು: “ಸಿಹಿ ಹಂಚೋಕೂ ಶುರು ಮಾಡ್ದ ಚಿನ್ನಮ್ಮಕ್ಕ!”

ಭಾನುವಾರ ವೀಣಾಳ ಲ್ಯಾಬು ಮಧ್ಯಾಹ್ನದವರೆಗೆ ಇರುತ್ತದೆ. ಅವಳು ಬರುವ ಮೊದಲೇ ಮಾತಾಡಿ ಮುಗಿಸಬೇಕೆಂದು ಕೃಷ್ಣಪ್ಪ, ಚಿನ್ನಮ್ಮ, ಪ್ರಕಾಶ ಮೂವರೂ ಬಸ್ಸು ಹತ್ತಿ ಬಂದರು. ಗೇಟಿನ ಬಳಿ ನಿಂತು ಆ ಕಲ್ಲಿನ ಕಾಮಾವನ್ನು ಮೂವರೂ ಬಹಳ ಹೊತ್ತು ನೋಡಿದರು. ಒಳಗೆ ಬಂದು ಕೂತರು. ಪರಶುರಾಮ ಕೊಟ್ಟ ಕಾಫಿಯನ್ನು ಚಿನ್ನಮ್ಮ ದೂರ ಸರಿಸಿದರು. ಮೈಸೂರುಪಾಕು ತಂದಿಟ್ಟಾಗ ಅವರು ಸೆರಗು ಬಾಯಿಗಿಟ್ಟುಕೊಂಡು ಬಿಕ್ಕಿದರು.

“ಅಳಿಯಂದ್ರೆ, ಡಿಕ್ರಿ ವಿಷಯ ನಿಜಾನಾ?” ಎಂದರು ಕೃಷ್ಣಪ್ಪ. ಪಕ್ಕದ ಮನೆಯ ಜಗದಾಂಬಾ ಅವರಿಗೆ ಗೋಡೆಗೆ ಕಿವಿಯಿಡುವ ಕಷ್ಟ ತಪ್ಪಿತು.

ಗುಟ್ಟು ರಟ್ಟಾಯಿತಲ್ಲ ಎಂದು ಪರಶುರಾಮ ಪೆಚ್ಚಾದ. “ನಿಮಗೂ ಗೊತ್ತಾಯ್ತಾ ಮಾವ? ತಪ್ಪೇನಿದೆ ಹೇಳಿ. ಈಗ ಎಲ್ಲಾ ಮನೇಲೂ ತಗೋತಾರೆ.”

“ನಮ್ಮ ವಂಶದಲ್ಲಿ ಯಾರೂ ತಗೊಂಡಿಲ್ಲ!”

“ಹಂಗಂದ್ರೆ ಹೆಂಗೆ ಮಾವ? ವೀಣಾ ತಗೊಂಡಿದಾಳಲ್ಲ. ಮದುವೆಗೆ ಮುಂಚೇನೇ.”

ಕೃಷ್ಣಪ್ಪ ಕುರ್ಚಿಯ ಕೈ ಹಿಡಿದುಕೊಂಡರು. “ಮದುವೆಗೆ ಮುಂಚೇನೇ? ಯಾರಿಂದ?”

“ನೀವೇ ಕೊಡಿಸಿದ್ದು ಮಾವ. ಭದ್ರಾವತೀಲೇ. ದಿನಾ ಬಸ್ ಸ್ಟ್ಯಾಂಡಿಗೆ ಬಿಟ್ಟು ಬರ್ತಿದ್ದೆ ಅಂತ ನೀವೇ ಹೇಳ್ತಿದ್ರಲ್ಲ.”

“ಏನ್ರೀ ಇದು?” ಎಂದು ಚಿನ್ನಮ್ಮ ಗಂಡನ ಕಡೆ ತಿರುಗಿದರು. “ನನಗೆ ಗೊತ್ತಿಲ್ದೇ ಏನೇನು ಮಾಡಿದೀರಾ ನೀವು?”

“ಭಾವ, ಸುಮ್ನೆ ಮಾತು ತಿರುಗಿಸ್ಬೇಡಿ,” ಎಂದ ಪ್ರಕಾಶ. “ಅಕ್ಕನಲ್ಲಿ ಏನು ಕಡಿಮೆ ಕಂಡ್ರಿ?”

“ಅವಳಲ್ಲಿ ಕಡಿಮೆ ಯಾಕಪ್ಪ? ಕಡಿಮೆ ಇರೋದು ನನ್ನಲ್ಲಿ. ಅದಕ್ಕೇ ತಗೋತಿರೋದು.”

ಇದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕೆಂದು ತಿಳಿಯದೆ ಪ್ರಕಾಶ ಕೆಂಪಾಗಿ ಕಿಟಕಿಯ ಕಡೆ ತಿರುಗಿದ. ಆಗಲೇ ವೀಣಾ ಬಾಗಿಲಿಗೆ ಬಂದಳು. ಚಿನ್ನಮ್ಮ ಓಡಿಹೋಗಿ ಮಗಳನ್ನು ತಬ್ಬಿ ಗೊಳೋ ಎಂದರು.

“ಯಾರು ಹೋದ್ರಮ್ಮ?” ಎಂದಳು ವೀಣಾ ಗಾಬರಿಯಾಗಿ.

“ಯಾರೂ ಹೋಗಿಲ್ಲ ಕಣೇ, ನಿನ್ನ ಗಂಡಾನೇ ಹೋಗ್ತಿದಾನೆ! ಆನ್‌ಲೈನಲ್ಲಿ ಡಿಕ್ರಿ ತಗೊಂಡು, ಅವಳ್ಯಾರೋ ಸುಶ್ಮಿತಾ ಅನ್ನೋಳ ಜೊತೆ!”

ವೀಣಾ ಕೈಚೀಲ ಕೆಳಗಿಟ್ಟು ಗಂಡನನ್ನು ನೋಡಿದಳು. “ಹೌದಾ ರೀ?”

“ಹೌದು ವೀಣಾ. ಆದ್ರೆ ಎಲ್ಲಿಗೂ ಹೋಗೋ ಹಾಗಿಲ್ಲ, ಮನೇಲೇ ಕೂತು ತಗೊಳ್ಳೋದು. ಆಮೇಲೆ ಹೇಳೋಣ ಅಂತಿದ್ದೆ. ಸರ್ಪ್ರೈಸು.”

“ಯಾರು ಸುಶ್ಮಿತಾ?”

“ಕೌನ್ಸೆಲರ್.”

“ಕೋರ್ಟಿನ ಕೌನ್ಸೆಲಿಂಗೂ ಆಗೋಯ್ತಾ? ನನ್ನ ಕರೀದೇನೇ?” ಎಂದಳು ವೀಣಾ. ಅವಳ ದನಿ ಸಣ್ಣಗಾಗಿತ್ತು. ಚಪ್ಪಲಿಯನ್ನೂ ಬಿಡದೆ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತುಬಿಟ್ಟಳು. ಮನೆಯೊಳಗೆ ಚಪ್ಪಲಿ ತಂದರೆ ಊರು ಒಂದು ಮಾಡುವವಳು ಹಾಗೆ ಕೂತದ್ದನ್ನು ಕಂಡಾಗ ಮಾತ್ರ, ಏನೋ ಭಾರಿ ಎಡವಟ್ಟಾಗಿದೆ ಎಂದು ಪರಶುರಾಮನಿಗೆ ಮೊದಲ ಸಲ ಅನ್ನಿಸಿತು. ಏನೆಂದು ಮಾತ್ರ ಹೊಳೆಯಲಿಲ್ಲ.

ಮೇಜಿನ ಮೇಲಿದ್ದ ಅವನ ಫೋನು ಹಾಡಿತು. ಪರದೆಯ ಮೇಲೆ ‘ಸುಶ್ಮಿತಾ ಮೇಡಂ’ ಎಂದಿತ್ತು. ಪರಶುರಾಮ ಕೈಚಾಚುವ ಮೊದಲೇ ಚಿನ್ನಮ್ಮ ಅದನ್ನು ಕಸಿದರು. ಪ್ರಕಾಶ ಸ್ಪೀಕರ್ ಒತ್ತಿದ.

“ಗುಡ್ ಆಫ್ಟರ್‌ನೂನ್ ಪರಶುರಾಮ್ ಸರ್! ನಿರ್ಧಾರ ಮಾಡಿದ್ರಾ? ಇವತ್ತೇ ಕೊನೇ ದಿನ. ನಿಮಗೋಸ್ಕರಾನೇ ಒಂದು ಸೀಟು ಹಿಡಿದಿಟ್ಟಿದೀನಿ.”

“ಯಾವ ಸೀಟೇ?” ಎಂದು ಚಿನ್ನಮ್ಮ ಗುಡುಗಿದರು. “ಆ ಸೀಟು ನನ್ನ ಮಗಳದ್ದು!”

ಸುಶ್ಮಿತಾ ಒಂದು ಕ್ಷಣವೂ ತಡವರಿಸಲಿಲ್ಲ. “ಓ, ನಿಮ್ಮ ಮಗಳಿಗೂ ಇಂಟರೆಸ್ಟ್ ಇದೆಯಾ ಮೇಡಂ? ತುಂಬಾ ಒಳ್ಳೇದು. ಫ್ಯಾಮಿಲಿ ಆಫರ್ ಇದೆ. ಇಬ್ಬರೂ ಒಟ್ಟಿಗೇ ತಗೊಂಡ್ರೆ ಡಿಸ್ಕೌಂಟ್ ಕೊಡ್ತೀವಿ.”

“ಇಬ್ಬರೂ ಒಟ್ಟಿಗೆ ತಗೊಳ್ದೆ ಇನ್ನೇನು ಒಬ್ಬರೇ ತಗೊಳ್ಳೋಕಾಗುತ್ತಾ ಡಿಕ್ರಿ?” ಎಂದು ಕೃಷ್ಣಪ್ಪ ಅಬ್ಬರಿಸಿದರು. “ನಿಮ್ಮ ಕೋರ್ಟು ಯಾವುದಮ್ಮ?”

“ಕೋರ್ಸಾ ಸರ್? ಬಿ.ಕಾಂ. ಮೊದಲ ಸೆಮಿಸ್ಟರ್‌ನಲ್ಲಿ ಅಕೌಂಟೆನ್ಸಿ, ಬಿಸಿನೆಸ್ ಲಾ…”

ವೀಣಾ ತಲೆಯೆತ್ತಿದಳು. “ಏನಂದ್ರಿ? ಬಿ.ಕಾಂ.?”

“ಹೌದು ಮೇಡಂ, ಆನ್‌ಲೈನ್ ಬಿ.ಕಾಂ. ಡಿಗ್ರಿ.”

ಕೃಷ್ಣಪ್ಪ ಅಳಿಯನನ್ನು ನೋಡಿದರು. “ಗ್ರಿನಾ?”

“ಗ್ರಿನೇ ಮಾವ. ಇನ್ನೇನು ಅಂದ್ಕೊಂಡ್ರಿ?”

“ಕ್ರಿ,” ಎಂದರು ಕೃಷ್ಣಪ್ಪ. ತಮ್ಮ ಬದುಕಿನಲ್ಲಿ ಅವರು ಮೆಲ್ಲಗೆ ಆಡಿದ ಮಾತು ಬಹುಶಃ ಅದೊಂದೇ. ಪಕ್ಕದ ಮನೆಯ ಕಿಟಕಿ ಸದ್ದಿಲ್ಲದೆ ಮುಚ್ಚಿಕೊಂಡಿತು.

ವೀಣಾ ಎದ್ದು ಚಪ್ಪಲಿ ಹೊರಗೆ ಬಿಟ್ಟು ಬಂದಳು. ತಾಯಿಯ ಕೈಯಿಂದ ಫೋನು ತೆಗೆದುಕೊಂಡು, ಲ್ಯಾಬಿನಲ್ಲಿ ಬಾಕಿ ವಸೂಲಿ ಮಾಡುವ ದನಿಯಲ್ಲಿ ಕೇಳತೊಡಗಿದಳು. “ಮೇಡಂ, ಡಿಗ್ರಿ ಕೊಡೋದು ಯಾವ ಯೂನಿವರ್ಸಿಟಿ? ಯುಜಿಸಿ ಒಪ್ಪಿಗೆ ಇದೆಯಾ?”

“ಒಪ್ಪಿಗೆ ಬರೋ ಹಂತದಲ್ಲಿದೆ ಮೇಡಂ.”

“ಪರೀಕ್ಷೆ ಯಾರು ನಡೆಸ್ತಾರೆ? ಅರ್ಥ ಆಗದಿದ್ರೆ ಯಾರನ್ನ ಕೇಳ್ಬೇಕು?”

“ಅದೆಲ್ಲ ಸೇರಿದ್ಮೇಲೆ ತಿಳಿಸ್ತೀವಿ. ಮೊದಲು ಸೀಟು ಬುಕ್ ಮಾಡಿ ಮೇಡಂ.”

“ಒಪ್ಪಿಗೆ ಬಂದ್ಮೇಲೆ ಫೋನ್ ಮಾಡಿ,” ಎಂದು ವೀಣಾ ಫೋನು ಇಟ್ಟಳು. ಆಮೇಲೆ ಗಂಡನತ್ತ ತಿರುಗಿ, “ನಿಜ ಹೇಳಿ. ಓದೋಕೆ ಬೇಕಾ, ಗೇಟಿಗೆ ಬೇಕಾ?” ಎಂದಳು.

ಪರಶುರಾಮ ತಲೆ ಕೆರೆದುಕೊಂಡ. “ಶುರುವಾಗಿದ್ದು ಗೇಟಿಗೇನೇ. ಆದ್ರೆ ಸ್ಯಾಂಪಲ್ ಅಂತ ಒಂದು ಅಕೌಂಟೆನ್ಸಿ ಪಾಠ ಕಳ್ಸಿದ್ರು. ಪಿಯುಸಿಲಿ ಸುತಾರಾಂ ತಲೆಗೆ ಹೋಗದೇ ಇದ್ದಿದ್ದು ಈಗ ಅರ್ಥ ಆಯ್ತು ಮಾರಾಯ್ತಿ. ಆ ಖುಷೀಲಿ ಎರಡು ಸಲ ನೋಡ್ದೆ.”

ಅಳಿಯನ ಸಂಸಾರ ಬಗೆಹರಿಸಲು ಬಂದಿದ್ದ ಸಭೆ ಈಗ ಅಳಿಯನ ಓದನ್ನು ಬಗೆಹರಿಸಲು ಕೂತಿತು. ಬಸ್ಸಿನ ಚಾರ್ಜು ದಂಡವಾಗಬಾರದಲ್ಲ. “ಆನ್‌ಲೈನು ಬೇಡ ಭಾವ, ಎದುರಿಗೆ ಮೇಷ್ಟ್ರು ಇಲ್ದಿದ್ರೆ ನಿದ್ದೆ ಬರುತ್ತೆ,” ಎಂದ ಪ್ರಕಾಶ. “ಮೇಷ್ಟ್ರು ಎದುರಿಗಿದ್ದಾಗ್ಲೂ ನೀನು ಮಲಗಿದ್ದೆ,” ಎಂದರು ಚಿನ್ನಮ್ಮ, ಮೈಸೂರುಪಾಕು ಮುರಿಯುತ್ತಾ. ಕೆಲಸ ಬಿಡದೆ ಓದುವವರಿಗೆ ಆನ್‌ಲೈನೇ ಸರಿ, ಆದರೆ ಒಪ್ಪಿಗೆ ಇರುವ ಯೂನಿವರ್ಸಿಟಿಯನ್ನು ತಾನು ಹುಡುಕಿಕೊಡುತ್ತೇನೆ ಎಂದಳು ವೀಣಾ. ಪರಶುರಾಮ ಮಾತ್ರ ನಾಚಿಕೆಯಿಂದ ಕುಗ್ಗಿಹೋಗಿದ್ದ. “ಬಿಡಿ, ಇಷ್ಟೆಲ್ಲ ರಾದ್ಧಾಂತ ಆದ್ಮೇಲೆ ಏನೂ ಬೇಡ,” ಎಂದ. ಸೋಮವಾರ ಕಾರ್ಖಾನೆಗೆ ಹೋಗಿ, ಮೇಂಟೆನೆನ್ಸ್ ಎಂದರೆ ಏನೆಂದು ಹರಿಪ್ರಸಾದರಿಂದ ತಿಳಿದುಕೊಂಡು ಬಂದ ಮೇಲಂತೂ ಅವನು ಮೊಬೈಲು ಮುಟ್ಟುವುದನ್ನೇ ಬಿಟ್ಟ. ವೀಣಾ ಒಂದು ಸರಿಯಾದ ಯೂನಿವರ್ಸಿಟಿಯನ್ನು ಹುಡುಕಿಟ್ಟರೂ ಇವತ್ತು ನಾಳೆ ಎಂದು ಜಾರಿಕೊಳ್ಳುತ್ತಿದ್ದ.

ಪರಶುರಾಮನ ಮನೆಯಲ್ಲಿ ವಿಷಯ ತಿಳಿಯಾಯಿತು, ನಿಜ. ಆದರೆ ಕೃಷ್ಣಪ್ಪನವರ ಗುಟ್ಟು ಹಳೇನಗರ ದಾಟಿ ಎಲ್ಲೆಲ್ಲಿಗೆ ಹೋಗಿತ್ತೋ ಅಲ್ಲಿಗೆಲ್ಲ ತಿದ್ದುಪಡಿ ಹೋಗಿರಲಿಲ್ಲ. ಮುಂದೊಂದು ಭಾನುವಾರ ಬೆಳಿಗ್ಗೆ ಮಲವಗೊಪ್ಪದಿಂದ ಕಲ್ಲಪ್ಪ ಎಂಬವರು ಬಂದರು. ಮದುವೆ ಸಂಬಂಧ ಕೂಡಿಸುವುದು ಅವರ ಕಸುಬು. ಬಾಗಿಲು ತೆಗೆದ ವೀಣಾಳನ್ನು, “ನೀವು ಪರಶುರಾಮರ ತಂಗಿಯಾ ತಾಯಿ?” ಎಂದು ಕೇಳಿದರು.

“ಹಂಗೇ ಅಂದ್ಕೊಳ್ಳಿ. ಬನ್ನಿ, ಕೂತ್ಕೊಳ್ಳಿ,” ಎಂದು ವೀಣಾ ಕಾಫಿ ಮಾಡಲು ಒಳಗೆ ಹೋದಳು. ಅಡಿಗೆಮನೆಯ ಬಾಗಿಲು ಮಾತ್ರ ತೆರೆದೇ ಇಟ್ಟಳು.

ಕಲ್ಲಪ್ಪ ಪರಶುರಾಮನ ಹತ್ತಿರ ಸರಿದು ಕೂತರು. “ನಿಮ್ಮ ಡಿಕ್ರಿ ವಿಷಯ ಕೇಳ್ದೆ. ಆಗಿದ್ದು ಆಯ್ತು, ಬೇಜಾರು ಮಾಡ್ಕೋಬೇಡಿ. ಭದ್ರಾವತೀಲಿ ಒಂದು ಹೆಣ್ಣಿದೆ. ಟೀಚರು. ಒಳ್ಳೇ ಜನ. ನಿಮ್ಮ ಓದು ಎಲ್ಲಿವರೆಗೆ?”

ನನಗೆ ಹೆಂಡತಿ ಇದ್ದಾಳೆ, ಅಡಿಗೆಮನೆಯಲ್ಲಿದ್ದಾಳೆ ಎಂದು ಮೊದಲು ಹೇಳಬೇಕಿತ್ತು. ಆದರೆ ಓದಿನ ಪ್ರಶ್ನೆ ಬಂದರೆ ಪರಶುರಾಮನಿಗೆ ಬೇರೆಲ್ಲ ಮರೆಯುತ್ತದೆ. “ಪಿಯುಸಿ,” ಎಂದ.

ಕಲ್ಲಪ್ಪ ತೆರೆದಿದ್ದ ಬ್ಯಾಗಿನ ಜಿಪ್ಪು ಎಳೆದುಬಿಟ್ಟರು. “ಪಿಯುಸಿನಾ? ಕಷ್ಟ ಆಯ್ತಲ್ಲ ಮಾರಾಯ್ರೆ. ಅವರು ಡಿಗ್ರಿಗಿಂತ ಕಡಿಮೆ ಇದ್ರೆ ಒಪ್ಪಲ್ಲ.”

“ಇಪ್ಪತ್ತು ವರ್ಷ ಅನುಭವ ಇದೆ ಸ್ವಾಮಿ!” ಎಂದ ಪರಶುರಾಮ ಕೆರಳಿ.

“ಯಾತರದ್ದು?”

“ಡಿಸ್ಪ್ಯಾಚ್.”

“ಅಯ್ಯೋ, ಅದನ್ನ ಮಾತ್ರ ಹೇಳ್ಬೇಡಿ. ಒಬ್ಬಳನ್ನ ಡಿಸ್ಪ್ಯಾಚ್ ಮಾಡಿದೋನು ಇವಳನ್ನೂ ಮಾಡಿಬಿಟ್ರೆ ಅಂತಾನೇ ಅವರಿಗೆ ಭಯ.”

ವೀಣಾ ಕಾಫಿ ತಂದು ಕಲ್ಲಪ್ಪನವರ ಕೈಗೆ ಕೊಟ್ಟಳು. ಗಂಡನ ಮುಂದೆ ಅವನದೇ ಮೊಬೈಲು ಇಟ್ಟಳು. ಯೂನಿವರ್ಸಿಟಿಯ ಅರ್ಜಿ ತೆರೆದಿತ್ತು.

“ಇವರ ಹೆಂಡ್ತಿ ನಾನೇ. ಈಗ ಸೇರ್ತಿದಾರೆ,” ಎಂದಳು ಅವಳು. “ನೀವು ಮೂರು ವರ್ಷ ಬಿಟ್ಟು ಒಂದು ಸಲ ಬಂದು ನೋಡಿ.”

ಕಲ್ಲಪ್ಪನವರ ಬಾಯಲ್ಲಿದ್ದ ಕಾಫಿ ಅತ್ತಲೂ ಹೋಗಲಿಲ್ಲ, ಇತ್ತಲೂ ಬರಲಿಲ್ಲ. ಹೇಗೋ ನುಂಗಿ ಕೇಳಿದರು: “ಮೂರು ವರ್ಷಕ್ಕೆ ಏನು ಸಿಗುತ್ತೆ ತಾಯಿ? ಡಿಗ್ರಿನಾ, ಡಿಕ್ರಿನಾ?”

“ಪಾಸಾದ್ರೆ ಡಿಗ್ರಿ. ಫೇಲಾದ್ರೆ ಡಿಕ್ರಿ.”

ಪರಶುರಾಮ ಆ ಭಾನುವಾರ ಮಧ್ಯಾಹ್ನ ಮಲಗದೆ ಕೂತು ಅರ್ಜಿ ತುಂಬಿದ.